ಕಾಡುದಾರಿಯ ಚಿತ್ರ: ರಾಮನಗರ ಸೀಮೆಯ ನೋಟಗಳನ್ನು ಓದುವ ಬಗೆ

ಮರಗಳ ನಡುವೆ ಹಾದುಹೋಗುವ ದಾರಿಯನ್ನೇ ಮುಖ್ಯ ವಸ್ತುವಾಗಿಸಿಕೊಂಡ ನಿಸರ್ಗಚಿತ್ರವನ್ನು ಕಾಡುದಾರಿಯ ಚಿತ್ರ ಎನ್ನಬಹುದು. ಯುರೋಪಿನಲ್ಲಿ 17ನೆಯ ಶತಮಾನದ ಹೊತ್ತಿಗೆ ಇಂಥ ಚಿತ್ರಕ್ಕೆ ಒಂದು ಕಟ್ಟುಪಾಡು ಸಿದ್ಧವಾಗಿತ್ತು. ಅದು ನಮ್ಮ ಕಡೆಗೆ ಬಂದದ್ದು ದಂಡಿನ ಹಿಂದೆ. 1790–92ರಲ್ಲಿ ಟಿಪ್ಪು ಸುಲ್ತಾನನ ಮೇಲೆ ನಡೆದ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಬ್ರಿಟಿಷ್ ಸೇನೆಯ ಜೊತೆಗಿದ್ದ ಚಿತ್ರಕಾರರೂ ಅಧಿಕಾರಿಗಳೂ ಇಂದಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟ, ಕಾಡು, ಕೋಟೆಗಳನ್ನು ಬರೆದುಕೊಂಡು ಹೋಗಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಈ ಚಿತ್ರಗಳು ಇಂದಿಗೂ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂಥ ಸಂಗ್ರಹಗಳಲ್ಲಿವೆ. ಪ್ರತಿಗಳು ಬೆಂಗಳೂರಿನ ಅನೇಕ ಗೋಡೆಗಳ ಮೇಲೂ ತೂಗುತ್ತವೆ. ನೋಡಲು ಪ್ರಶಾಂತವಾಗಿವೆ. ಆ ಪ್ರಶಾಂತಿಯನ್ನು ಹಾಗೇ ನಂಬಿಬಿಟ್ಟರೆ ಚಿತ್ರವನ್ನು ಅರ್ಧ ಮಾತ್ರ ಓದಿದಂತೆ. ಈ ದಾರಿಯನ್ನು ಕಡಿದವರು ಯಾರು, ಇದರ ಮೇಲೆ ಹೋದದ್ದು ಏನು ಎಂದು ಕೇಳಿಕೊಂಡಾಗ ಉಳಿದರ್ಧ ತೆರೆದುಕೊಳ್ಳುತ್ತದೆ.

ಯುರೋಪಿನ ಕಟ್ಟು

ರೋಮಿನಲ್ಲಿ ನೆಲೆಸಿ ಕೆಲಸ ಮಾಡಿದ ಇಬ್ಬರು ಫ್ರೆಂಚರು, ನಿಕೊಲಾ ಪುಸಾಂ (1594–1665) ಮತ್ತು ಕ್ಲೋಡ್ ಲೊರೇನ್ (ನಿಧನ 1682), ನಿಸರ್ಗಚಿತ್ರಕ್ಕೆ ಶಾಸ್ತ್ರೀಯ ಎನ್ನಿಸಿಕೊಂಡ ರೂಪ ಕೊಟ್ಟರು. ಕ್ಲೋಡ್‌ನ ಕಟ್ಟನ್ನು ಕಂಡುಹಿಡಿಯುವುದು ಸುಲಭ. ಮುಂಭಾಗ ಕಂದುಗಪ್ಪು, ಒಂದು ಪಕ್ಕಕ್ಕೆ ಎತ್ತರದ ಕಪ್ಪು ಮರ, ಎದುರು ಪಕ್ಕಕ್ಕೆ ಅದಕ್ಕಿಂತ ಗಿಡ್ಡದಾದ ಇನ್ನೊಂದು ಗುಂಪು, ನಡುವೆ ನೀರೋ ಸೇತುವೆಯೋ, ಹಿಂದೆ ನೀಲಿಗೆ ಕರಗುವ ಬೆಟ್ಟ, ದಿಗಂತದ ಬಳಿ ಹೊನ್ನಿನ ಬೆಳಕು. ದಾರಿ ಇದ್ದರೆ ಅದು ನೇರ ಹೋಗುವುದಿಲ್ಲ, ಅಂಕುಡೊಂಕಾಗಿ ಕಣ್ಣನ್ನು ಕೈಹಿಡಿದು ಕರೆದೊಯ್ಯುತ್ತದೆ. ನಮ್ಮ ಕಂಪನಿ ನಾಟಕಗಳನ್ನು ನೋಡಿದವರಿಗೆ ಇದು ಹೊಸದಲ್ಲ. ರಂಗದ ಎರಡೂ ಪಕ್ಕದ ವಿಂಗುಗಳು, ಹಿಂದೆ ಇಳಿಬಿಟ್ಟ ಕಾಡಿನ ಪರದೆ: ಎಲ್ಲವೂ ಇದೇ ಕಟ್ಟಿನ ದೂರದ ಸಂತಾನ. ಶಾಲೆಯ ಮಕ್ಕಳು ಇಂದಿಗೂ ‘ಸೀನರಿ’ ಎಂದು ಬರೆಯುವ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಅಗಲದಿಂದ ಕಿರಿದಾಗುತ್ತಾ ಹೋಗುವ ರಸ್ತೆ ಕೂಡ ಆ ಸಂತಾನದಲ್ಲೇ ಕಿರಿಯದು.

ಡಚ್ಚರು ಬೇರೆ ಹಾದಿ ಹಿಡಿದರು. ಯಾಕೊಬ್ ವಾನ್ ರೊಯ್ಸ್‌ಡಾಲ್ ಮತ್ತು ಅವನ ಶಿಷ್ಯ ಮೈಂಡರ್ಟ್ ಹೊಬ್ಬೆಮಾ (1638–1709) ದೇವತೆಗಳನ್ನೂ ಪಾಳು ದೇಗುಲಗಳನ್ನೂ ಬಿಟ್ಟು, ಮಳೆಯಲ್ಲಿ ಕೆಸರಾದ, ಗಾಲಿಯ ಜಾಡು ಬಿದ್ದ ದಾರಿಯನ್ನೇ ಬರೆದರು. ಹೊಬ್ಬೆಮಾ ಓಕ್ ಮರಗಳ ನಡುವಿನ ಬಂಡಿದಾರಿಗಳನ್ನು ಮತ್ತೆ ಮತ್ತೆ ಬರೆದವನು. 1689ರಲ್ಲಿ ಅವನು ಬರೆದ ಮಿಡ್ಡೆಲ್‌ಹಾರ್ನಿಸ್ ಊರಿನ ಸಾಲುಮರದ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ: ಬಯಲು ನೆಲ, ನಟ್ಟನಡುವೆ ನೇರ ದಾರಿ, ಎರಡೂ ಕಡೆ ಕೊಂಬೆ ಸವರಿದ ತೆಳುಮರಗಳು, ಮೇಲೆ ಬರೀ ಆಕಾಶ. ದಾರಿಯಲ್ಲಿ ಒಬ್ಬ ಮನುಷ್ಯ, ಅವನ ಜೊತೆಗೊಂದು ನಾಯಿ. ಪಕ್ಕದಲ್ಲಿ ಒಬ್ಬ ತೋಟದ ಗಿಡ ಸವರುತ್ತಿದ್ದಾನೆ. ಇಲ್ಲಿ ಮರವೂ ದಾರಿಯೂ ಯಾರೋ ನೆಟ್ಟದ್ದು, ಯಾರೋ ಮಾಡಿದ್ದು ಎನ್ನುವುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ನನಗೆ ಕ್ಲೋಡ್‌ಗಿಂತ ಈತ ಹತ್ತಿರದವನೆನಿಸುವುದು ಅದಕ್ಕೇ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಎರಡೂ ಸೇರಿ ಒಂದು ಅಭಿರುಚಿಯೇ ಆಯಿತು. ಪಾದ್ರಿ ವಿಲಿಯಂ ಗಿಲ್ಪಿನ್ ಚಿತ್ರಕ್ಕೆ ಒದಗುವಂಥ ಚೆಲುವು ಯಾವುದೆಂದು ನಿಯಮಗಳನ್ನೇ ಬರೆದ: ನುಣುಪಿಗಿಂತ ಒರಟು ಮೇಲು, ಹೊಸತಿಗಿಂತ ಪಾಳು ಮೇಲು. ಪ್ರವಾಸಿಗರು ಉಬ್ಬಿದ ಕಪ್ಪು ಗಾಜಿನ ಪುಟ್ಟ ಕನ್ನಡಿ ಹಿಡಿದು, ನಿಜವಾದ ನೋಟಕ್ಕೆ ಬೆನ್ನು ಕೊಟ್ಟು ನಿಂತು, ಕನ್ನಡಿಯೊಳಗಿನ ಮಬ್ಬು ಬಿಂಬವನ್ನು ಮೆಚ್ಚುತ್ತಿದ್ದರು. ಆ ಕನ್ನಡಿಗೆ ಕ್ಲೋಡ್‌ನದೇ ಹೆಸರಿತ್ತು. ಗಿಲ್ಪಿನ್‌ನ ಮೂರು ಪ್ರಬಂಧಗಳು ಅಚ್ಚಾದ 1792ರಲ್ಲೇ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು.

ನಮ್ಮಲ್ಲಿ ದಾರಿಯನ್ನು ಬರೆದ ರೀತಿ

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ನಿಸರ್ಗದ ಒಂದೊಂದು ಅಂಗವನ್ನೂ ಯಾವ ಗುರುತಿನಿಂದ ತೋರಿಸಬೇಕೆಂಬ ಸೂಚನೆಗಳಿವೆ. ಕಾಡನ್ನು ಬಗೆಬಗೆಯ ಮರ, ಹಕ್ಕಿ, ಮೃಗಗಳಿಂದ. ಬೆಟ್ಟವನ್ನು ಬಂಡೆ, ಶಿಖರ, ಝರಿಗಳಿಂದ. ದಾರಿಗೆ ಅದು ಕೊಡುವ ಗುರುತು ಗಮನಾರ್ಹ: ಹೊರೆ ಹೊತ್ತ ಒಂಟೆ ಮೊದಲಾದ ಪ್ರಾಣಿಗಳ ಸಾರ್ಥ, ಅಂದರೆ ವರ್ತಕರ ತಂಡ. ಆ ಶಾಸ್ತ್ರದ ಕಣ್ಣಿಗೆ ಖಾಲಿ ದಾರಿ ದಾರಿಯೇ ಅಲ್ಲ. ಅದರ ಮೇಲೆ ಹೋಗುವವರಿಂದ ಅದಕ್ಕೆ ಆ ಹೆಸರು.

ವಿಜಯನಗರದ ಮೇಲ್ಛಾವಣಿ ಚಿತ್ರಗಳಲ್ಲಾಗಲಿ ಮೈಸೂರು ಶೈಲಿಯ ಚಿತ್ರಗಳಲ್ಲಾಗಲಿ ಬರೀ ನಿಸರ್ಗವೇ ವಸ್ತುವಾದದ್ದು ಅಪರೂಪ. ಮರ ಇರುವುದು ಕೃಷ್ಣನ ನೆರಳಿಗೆ, ಬೆಟ್ಟ ಇರುವುದು ಹನುಮಂತ ಎತ್ತುವುದಕ್ಕೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಅಲ್ಲಿ ದಂಡು ಸಾಲುಸಾಲಾಗಿ, ಒಂದರ ಮೇಲೊಂದು ಪಟ್ಟಿಯಾಗಿ ಸಾಗುತ್ತದೆ. ದೂರದವರು ಸಣ್ಣಗಾಗುವುದಿಲ್ಲ, ಮಾನ್ಯರು ದೊಡ್ಡದಾಗಿ ಕಾಣುತ್ತಾರೆ. ಮರಗಳು ಕಸೂತಿಯಂತೆ ನಡುನಡುವೆ ನಿಂತಿವೆ. ಬ್ರಿಟಿಷ್ ಚಿತ್ರಕಾರರ ಅಚ್ಚುಗಳಲ್ಲಿ ಇದೇ ಕಾಲದ, ಇದೇ ವೈರದ ಇನ್ನೊಂದು ಮುಖ ಕಾಣುತ್ತದೆ. ಒಂದರಲ್ಲಿ ನೆಲವೇ ಇಲ್ಲ, ಬರೀ ಜನ; ಇನ್ನೊಂದರಲ್ಲಿ ನೆಲವೇ ಎಲ್ಲ, ಜನ ಇರುವೆಯಷ್ಟು. ಚೀನಾದ ಗುವೋ ಷಿ 11ನೆಯ ಶತಮಾನದಲ್ಲೇ ಬೆಟ್ಟವನ್ನು ಕೆಳಗಿನಿಂದ ಮೇಲಕ್ಕೆ, ಮುಂದಿನಿಂದ ಒಳಕ್ಕೆ, ಸಮತಟ್ಟಾಗಿ ದೂರಕ್ಕೆ ನೋಡುವ ಮೂರು ದೂರಗಳನ್ನು ವಿವರಿಸಿದ್ದ. ಒಂದೇ ಬಿಂದುವಿನಲ್ಲಿ ನಿಂತು ನೋಡುವ ಯುರೋಪಿನ ರೀತಿ ಹಲವು ರೀತಿಗಳಲ್ಲಿ ಒಂದು ಅಷ್ಟೆ.

1791ರ ದಾರಿಗಳು

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಲು ಈ ಸೀಮೆಯೊಳಗೆ ಹಲವು ದಾರಿಗಳಿದ್ದವು. ನೇರವಾದದ್ದು ರಾಮಗಿರಿ, ಚನ್ನಪಟ್ಟಣಗಳ ಮೇಲೆ. ದಕ್ಷಿಣಕ್ಕೆ ಬಳಸಿದರೆ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ. ಪಶ್ಚಿಮಕ್ಕೆ ಮಾಗಡಿ, ಹುತ್ರಿದುರ್ಗ, ಹುಲಿಯೂರುದುರ್ಗಗಳ ಕಡೆಯಿಂದ ಮತ್ತೊಂದು. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ದಾರಿ ಹಿಡಿದ. ಟಿಪ್ಪು ದಾರಿಯುದ್ದಕ್ಕೂ ಮೇವು, ಧಾನ್ಯ ಸಿಗದಂತೆ ಮಾಡಿಸಿದ. ಶ್ರೀರಂಗಪಟ್ಟಣದ ಹತ್ತಿರ ಮುಟ್ಟುವಷ್ಟರಲ್ಲಿ ಎಳೆಯುವ ಎತ್ತುಗಳು ಸತ್ತುಹೋಗಿ, ಮಳೆಯೂ ಹಿಡಿದು, ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ಬ್ರಿಟಿಷರು ಹಿಂದೆ ಸರಿಯಬೇಕಾಯಿತು. ಕನಕಪುರದ ದಾರಿಯನ್ನು 1799ರಲ್ಲಿ ಜನರಲ್ ಹ್ಯಾರಿಸ್ ಮತ್ತೆ ಹಿಡಿದು ಮಳವಳ್ಳಿಗೆ ಇಳಿದ. ಆ ಬಾರಿ ಶ್ರೀರಂಗಪಟ್ಟಣ ಬಿತ್ತು.

ಮೊದಲ ಸಲದ ಸೋಲಿನಿಂದ ಕಾರ್ನ್‌ವಾಲಿಸ್ ಕಲಿತದ್ದು, ಬೆಂಗಳೂರಿನಿಂದ ಬರುವ ಸರಬರಾಜಿನ ದಾರಿ ಸುರಕ್ಷಿತವಾಗಿರಬೇಕೆಂದು. ಅದಕ್ಕೆ ಅಡ್ಡವಾಗಿದ್ದುದು ಮಾಗಡಿಯ ಬಳಿಯ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂಟಿ ಬಂಡೆ, ಕರಿಗುಡ್ಡ ಬಿಳಿಗುಡ್ಡ ಎಂದು ಎರಡು ಶಿಖರ, ಸುತ್ತ ಮೈಲಿಗಟ್ಟಲೆ ಬಿದಿರುಮೆಳೆ. ಮೈಸೂರಿನವರಿಗೆ ಆ ಬಿದಿರೇ ಹೊರಕೋಟೆ. 1791ರ ಡಿಸೆಂಬರ್ 10ರಂದು ಲೆಫ್ಟಿನೆಂಟ್ ಕರ್ನಲ್ ಸ್ಟೂವರ್ಟ್ ಮುತ್ತಿಗೆ ಹಾಕಿದ. ಕೋಟೆಗಿಂತ ಮೊದಲು ಗೆಲ್ಲಬೇಕಾದದ್ದು ಕಾಡನ್ನು. ಬಿದಿರು ಕಡಿದು, ಬಂಡೆಗಳ ಮೇಲೆ, ಹಳ್ಳಗಳ ಮೇಲೆ ದಾರಿ ಮಾಡಿಕೊಂಡು ಭಾರದ ಕಬ್ಬಿಣದ ಫಿರಂಗಿಗಳನ್ನು ಬೆಟ್ಟದ ಬುಡಕ್ಕೆ ಎಳೆದು ತರಲು ಹಲವು ದಿನ ಹಿಡಿಯಿತು. 17ರಂದು ಫಿರಂಗಿಗಳು ಬಾಯಿ ತೆರೆದವು. 21ರಂದು ಕೋಟೆ ಬಿತ್ತು. ಮೂರು ದಿನದಲ್ಲಿ ಹುತ್ರಿದುರ್ಗವೂ ಬಿತ್ತು. ರಾಮಗಿರಿ, ಶಿವನಗಿರಿಗಳು ಹೆಚ್ಚು ಕಾದಾಡದೆ ಕೈಬಿಟ್ಟವು. ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿ ಇದೆಲ್ಲ ವಿವರವಾಗಿದೆ. ಕೋಟೆ ಏರಿದ ವೀರಾವೇಶಕ್ಕಿಂತ ಕಾಡು ಕಡಿದ ಕಷ್ಟದ ಪುಟಗಳೇ ಅದರಲ್ಲಿ ನಂಬಲರ್ಹವಾಗಿ ಕಾಣುತ್ತವೆ.

ಚಿತ್ರಕಾರರು

ರಾಬರ್ಟ್ ಹೋಮ್ (1752–1834) ವೃತ್ತಿಯಿಂದಲೇ ಚಿತ್ರಕಾರ. ಕಾರ್ನ್‌ವಾಲಿಸನ ಸೇನೆಯ ಜೊತೆ ಬಂದು ಸ್ಥಳದಲ್ಲೇ ರೇಖೆಗಳನ್ನು ತೆಗೆದ. ಅವು ‘ಮೈಸೂರಿನ ಆಯ್ದ ನೋಟಗಳು’ ಎಂಬ ಅರ್ಥದ ಇಂಗ್ಲಿಷ್ ಗ್ರಂಥವಾಗಿ 1794ರಲ್ಲಿ ಲಂಡನ್ನಿನಲ್ಲಿ ಬಂದವು. ಮುಂದೆ ಅವಧದ ನವಾಬನ ಆಸ್ಥಾನ ಚಿತ್ರಕಾರನಾಗಿ ಕಾನಪುರದಲ್ಲಿ ತೀರಿಕೊಂಡ. ಅಲೆಗ್ಸಾಂಡರ್ ಅಲನ್ ಮದರಾಸು ಸೇನೆಯ ಅಧಿಕಾರಿ. ಅವನ ಮೈಸೂರು ನೋಟಗಳೂ 1794ರವು. ರಾಬರ್ಟ್ ಹೈಡ್ ಕೋಲ್‌ಬ್ರೂಕ್ ನೆಲ ಅಳೆಯುವವನು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್ ಜೇಮ್ಸ್ ಹಂಟರ್ 1792ರಲ್ಲೇ ಸತ್ತ. ಅವನ ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ 1804–05ರಲ್ಲಿ ಬಣ್ಣದ ಅಚ್ಚುಗಳಾಗಿ ತಂದ.

ಈ ಪಟ್ಟಿಯಲ್ಲಿ ಫಿರಂಗಿಯವನು ಒಬ್ಬ, ಸರ್ವೇಯವನು ಒಬ್ಬ ಇರುವುದು ಆಕಸ್ಮಿಕವಲ್ಲ. ಆ ಕಾಲದ ಸೇನೆಯಲ್ಲಿ ನೆಲದ ಏರಿಳಿತ ಬರೆದುಕೊಳ್ಳುವುದು ಅಧಿಕಾರಿಯ ಕಸುಬಿನ ಭಾಗ. ಗುಂಡು ಎಲ್ಲಿ ಬೀಳುತ್ತದೆಂದು ತಿಳಿಯಲು ಬೆಟ್ಟದ ಎತ್ತರ ತಿಳಿಯಬೇಕು. ಎಲ್ಲಿ ಕೂತರೆ ನೋಟ ಚೆನ್ನ ಎನ್ನುವ ಪ್ರಶ್ನೆಗೂ ಎಲ್ಲಿ ಇಟ್ಟರೆ ಫಿರಂಗಿ ಮುಟ್ಟುತ್ತದೆ ಎನ್ನುವ ಪ್ರಶ್ನೆಗೂ ಎಷ್ಟೋ ಸಲ ಒಂದೇ ದಿಬ್ಬ ಉತ್ತರ.

ಅಚ್ಚನ್ನು ಓದುವುದು

ಮೊದಲು ಕೈ ಯಾರದು ಎಂದು ನೋಡಬೇಕು. ಬೆಟ್ಟದ ಬುಡದಲ್ಲಿ ಕೂತು ಬರೆದವನು ಒಬ್ಬ, ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದವನು ಇನ್ನೊಬ್ಬ. ಅಕ್ವಾಟಿಂಟ್ ವಿಧಾನದಲ್ಲಿ ತಗಡಿನ ಮೇಲೆ ರಾಳದ ಪುಡಿ ಹರಡಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಸಂದುಗಳಲ್ಲಿ ತಾಮ್ರ ಕೊರೆದುಹೋಗಿ, ಅಚ್ಚು ಹಾಕಿದಾಗ ನೀರುಬಣ್ಣದಂಥ ಮಬ್ಬು ಬರುತ್ತದೆ. ಮೇಲೆ ಕೈಯಿಂದ ಬಣ್ಣ ಹಚ್ಚುವುದೂ ಉಂಟು. ಹುಣಸೆಯನ್ನೂ ಹೊಂಗೆಯನ್ನೂ ಜನ್ಮದಲ್ಲಿ ಕಾಣದ ಕೆತ್ತನೆಗಾರನ ಕೈಯಲ್ಲಿ ನಮ್ಮ ಮರ ಓಕ್ ಆಗಿಬಿಡುವ ಅಪಾಯ ಇದ್ದೇ ಇತ್ತು. ಇಂಥ ಚಿತ್ರದಲ್ಲಿ ಎಲೆಯನ್ನು ನಂಬಬಾರದು, ಬೆಟ್ಟದ ಗೆರೆಯನ್ನು ನಂಬಬಹುದು. ಬೆಟ್ಟದ ಗೆರೆ ಯುದ್ಧದ ಲೆಕ್ಕಕ್ಕೆ ಬೇಕಾದದ್ದು. ಎಲೆ ಯಾರಿಗೂ ಬೇಕಿರಲಿಲ್ಲ.

ಆಮೇಲೆ ಕಲ್ಲು. ಕ್ಲೋಡ್‌ನ ಕಟ್ಟು ಈ ಸೀಮೆಯಲ್ಲಿ ಎಡವುವುದು ಇಲ್ಲಿಯೇ. ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನವು. ಊರಿನ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇದರ ಪಟ್ಟಿ ಉತ್ತರಕ್ಕೆ ನೂರಾರು ಕಿಲೋಮೀಟರ್ ಹರಿದಿದೆ. ಈ ಬೆಟ್ಟಗಳು ಇಟಲಿಯ ಬೆಟ್ಟಗಳಂತೆ ಇಳಿಜಾರಾಗಿ ಬಯಲಿಗೆ ಬೆರೆಯುವುದಿಲ್ಲ. ಹೊಲದ ನಡುವಿನಿಂದ ಧುತ್ತೆಂದು ಎದ್ದು ನಿಲ್ಲುತ್ತವೆ. ಡಿಸೆಂಬರಿನ ತಿಳಿ ಬೆಳಕಿನಲ್ಲಿ ದೂರದ ಬಂಡೆಯ ಮೇಲಿನ ನೀರಿನ ಕಪ್ಪು ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ನೀಲಿಗೆ ಕರಗಿಸಬೇಕೆಂದರೆ ಚಿತ್ರಕಾರ ಸುಳ್ಳು ಹೇಳಬೇಕು. ಹೋಮ್‌ನ ಸಾವನದುರ್ಗದ ದೂರದ ನೋಟಗಳು ಹಿಡಿಸುವುದು, ಕಟ್ಟು ಸೋತು ಕಲ್ಲು ಗೆದ್ದ ಕಡೆ.

ಹೆಸರೂ ಚಿತ್ರಕ್ಕೆ ಬಣ್ಣ ಬಳಿಯುತ್ತದೆ. ಹೋಮ್ ಸಾವನದುರ್ಗ ಎಂಬುದನ್ನು ಸಾವಿನ ದುರ್ಗ ಎಂದು ಅರ್ಥಮಾಡಿಕೊಂಡ. ಕನ್ನಡ ಅರ್ಧಂಬರ್ಧ ಬಲ್ಲ ದುಭಾಷಿ ಹೇಳಿರಬೇಕು ಎನಿಸುವಂಥ ಅರ್ಥ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1340ರ ಶಾಸನದಲ್ಲೇ ಸಾವಂದಿ ಎಂಬ ಹೆಸರಿದೆ. ವಿಜಯನಗರದ ಅಚ್ಯುತರಾಯನ ಕಾಲದ ಸಾಮಂತರಾಯನಿಂದ ಬಂತೆಂಬ ಮಾತೂ ಇದೆ. ಲಂಡನ್ನಿನ ಓದುಗನಿಗೆ ಮಾತ್ರ ಸಾವಿನ ಬೆಟ್ಟವೇ ರುಚಿಸಿತು. ಭಯ ಬೆರೆತ ಭವ್ಯತೆ ಆ ಕಾಲದ ಅಭಿರುಚಿಗೆ ತಕ್ಕದ್ದೇ ಆಗಿತ್ತು. ಬೆಟ್ಟದ ಬುಡದಲ್ಲಿ ವೀರಭದ್ರನಿಗೂ ನರಸಿಂಹನಿಗೂ ನಡೆದುಕೊಳ್ಳುವ ಭಕ್ತರ ಸಾವನದುರ್ಗ ಬೇರೆಯದು.

ಕೊನೆಗೆ ದಾರಿಯ ಮೇಲಿನ ಪುಟ್ಟ ಆಕೃತಿಗಳು. ಯುರೋಪಿನ ಚಿತ್ರದಲ್ಲಿ ಎತ್ತು ಬಂದರೆ ಅದು ಹಳ್ಳಿಯ ನೆಮ್ಮದಿಯ ಗುರುತು. 1791ರ ಮಾಗಡಿ ದಾರಿಯ ಮೇಲೆ ಎತ್ತು ಎಂದರೆ ಯುದ್ಧದ ಬೆನ್ನೆಲುಬು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ಪಶುಸಂಪತ್ತೇ ಮೈಸೂರು ಸೇನೆಯ ವೇಗಕ್ಕೆ ಕಾರಣ. ಬ್ರಿಟಿಷರ ಸೇನೆಗೆ ಅಕ್ಕಿ, ಧಾನ್ಯ ತಂದು ಉಳಿಸಿದ್ದು ಬಂಜಾರರ ಹೇರೆತ್ತುಗಳು. ಚಿತ್ರದ ಮೂಲೆಯಲ್ಲಿ ಅಲಂಕಾರಕ್ಕೆಂದು ನಿಲ್ಲಿಸಿದಂತೆ ಕಾಣುವ ಹೇರು ಹೊತ್ತ ಎತ್ತು, ಚಿತ್ರಸೂತ್ರ ಹೇಳಿದ ಸಾರ್ಥವೇ. ಬರೆದವನಿಗೆ ಅದು ಗೊತ್ತಿರಲಿಲ್ಲ, ಆದರೂ ಸರಿಯಾಗೇ ಬರೆದ.

ಕಾಡು ಪೇಟೆಯಾದದ್ದು

ಯುದ್ಧ ಮುಗಿದ ಮೇಲೆ ಬಂದ ಫ್ರಾನ್ಸಿಸ್ ಬುಕನನ್ 1800ರಲ್ಲಿ ಈ ಸೀಮೆ ಸುತ್ತಿದ. ಅವನು ಚಿತ್ರಕಾರನಲ್ಲ, ವೈದ್ಯ ಮತ್ತು ಸಸ್ಯಜ್ಞ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನ ಚಿತ್ರಗಳು ಬಿಟ್ಟದ್ದನ್ನು ತುಂಬುತ್ತದೆ. ಮಾಗಡಿಯ ಕಾಡಿನ ಮರಗಳ ಹೆಸರು, ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಎಲ್ಲವೂ ಅದರಲ್ಲಿ ಸಿಗುತ್ತವೆ. ಅಚ್ಚುಚಿತ್ರಗಳ ಪಕ್ಕದಲ್ಲಿ ಇಟ್ಟುಕೊಂಡು ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಅದೇ 1800ರಲ್ಲಿ ದಿವಾನ್ ಪೂರ್ಣಯ್ಯ, ಕಾಡಿನ ನಡುವೆ ಹಾದುಹೋಗುವ ಹೆದ್ದಾರಿಗೆ ರಕ್ಷಣೆಯಾಗಲೆಂದು ಹೊಸ ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ. ಆ ಕ್ಲೋಸ್‌ಪೇಟೆಯೇ ರಾಮನಗರ. ಊರು ಹುಟ್ಟಿದ್ದೇ ಕಾಡುದಾರಿಯ ಭಯದಿಂದ ಎನ್ನಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರವೂ ಇಂಥ ಕುರುಚಲು ಕಾಡಿನದೇ. ಅರಗಿನ ಬಣ್ಣ ಹೊದ್ದ ಪುಟ್ಟ ಎತ್ತಿನಗಾಡಿ ಒಂದು ರೀತಿಯಲ್ಲಿ ಈ ಕಾಡಿನ ಇನ್ನೊಂದು ಚಿತ್ರ.

ನಂತರದ ಕಣ್ಣುಗಳು

ಕನ್ನಡದ ಚಿತ್ರಕಾರರು ನಿಸರ್ಗವನ್ನೇ ವಸ್ತುವಾಗಿ ಹಿಡಿದದ್ದು 20ನೆಯ ಶತಮಾನದಲ್ಲಿ. ಕೆ. ವೆಂಕಟಪ್ಪ (1886–1965) ಆಸ್ಥಾನ ಚಿತ್ರಗಾರರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಅವರು ಒಲಿದದ್ದು ಊಟಿ, ಕೊಡೈಕನಾಲುಗಳ ಮಂಜಿಗೆ. ಬಿಸಿಲಿನ ಈ ಬಂಡೆಗಳ ಸಂಬಂಧಿಯಲ್ಲ ಆ ಲೋಕ. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ (1910–1988) ಮಾತ್ರ ನಮ್ಮ ದಾರಿಬದಿಯ ಮರವನ್ನೇ ಆರಾಧಿಸಿದರು. ಗುಲ್‌ಮೊಹರ್ ಕೆಂಪು ರಸ್ತೆಯ ಮೇಲೆ ಚೆಲ್ಲಿದ ಅವರ ಬೆಂಗಳೂರಿನ ಚಿತ್ರಗಳಲ್ಲಿ ಮರ ಪಕ್ಕದ ವಿಂಗ್ ಅಲ್ಲ. ನಟ್ಟನಡುವೆ ನಿಂತ ನಾಯಕ.

ರಾಮನಗರದ ಬೆಟ್ಟಗಳನ್ನು ಇಡೀ ದೇಶದ ಕಣ್ಣಿಗೆ ತಂದದ್ದು ಸಿನಿಮಾ. 1975ರಲ್ಲಿ ತೆರೆಕಂಡ ರಮೇಶ್ ಸಿಪ್ಪಿಯವರ ‘ಶೋಲೆ’ಗಾಗಿ ರಾಮದೇವರಬೆಟ್ಟದ ಬುಡದಲ್ಲಿ ಇಡೀ ಒಂದು ಹಳ್ಳಿ ಎದ್ದಿತು, ಹೆದ್ದಾರಿಯಿಂದ ಅಲ್ಲಿಗೆ ಹೊಸದಾಗಿ ರಸ್ತೆಯನ್ನೂ ಮಾಡಬೇಕಾಯಿತು. ಡೇವಿಡ್ ಲೀನ್ ತನ್ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರಕ್ಕೆ ಕಾದಂಬರಿಗೆ ಮೂಲವಾದ ಬಿಹಾರದ ಗುಹೆಗಳ ಬದಲು ಸಾವನದುರ್ಗ, ರಾಮದೇವರಬೆಟ್ಟಗಳನ್ನೇ ಆರಿಸಿಕೊಂಡ. ‘ಶೋಲೆ’ಯ ಬಂಡೆಗಳ ನಡುವಿನ ಕುದುರೆ ಸವಾರರ ದೂರದ ನೋಟಗಳಲ್ಲಿ ಹೋಮ್‌ನ ಕಟ್ಟು ಹಾಗೇ ಇದೆ: ಹಿರಿದಾದ ಕಲ್ಲು, ಇರುವೆಯಷ್ಟು ಮನುಷ್ಯ. ಶೋಲೆಯ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಹೊರಗಿಟ್ಟು ಹಾಯುತ್ತದೆ. ಕಾರಿನ ಕಿಟಕಿಯಲ್ಲಿ ಬೆಟ್ಟ ಕಾಣುವುದು ಕೆಲವೇ ನಿಮಿಷ.

ಹುಲಿಕಲ್–ಕುದೂರು

ಹೊಬ್ಬೆಮಾನ ಸಾಲುಮರಕ್ಕೆ ಎದುರಾಗಿ ಇಡಬಹುದಾದ ದಾರಿ ಈ ಸೀಮೆಯಲ್ಲಿ ಒಂದಿದೆ, ಅದನ್ನು ಯಾರೂ ಬಣ್ಣದಲ್ಲಿ ಬರೆಯದಿದ್ದರೂ ಅದು ನೋಟವೇ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದಕ್ಕೆ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಮರಗಳು 385 ಎಂದು ಎಣಿಕೆ. ಮಕ್ಕಳಿಲ್ಲದ ದಂಪತಿಗಳು ಇವನ್ನೇ ಮಕ್ಕಳೆಂದರು. 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು.

ಡಚ್ಚರ ದಾರಿಯಲ್ಲಿ ಮರ ತೆಳು, ಆಕಾಶ ದೊಡ್ಡದು. ದಾರಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತದೆ. ಆಲದ ದಾರಿಯಲ್ಲಿ ಕೊಂಬೆಗಳು ಮೇಲೆ ಕೂಡಿಕೊಂಡು ಆಕಾಶವೇ ಚೂರುಚೂರಾಗುತ್ತದೆ. ನಡುಹಗಲಲ್ಲಿ ಬರೆಯಹೊರಟವನಿಗೆ ಹೊರಗಿನ ಹೊಲ ಕಣ್ಣು ಕುಕ್ಕುವ ಬಿಳಿ, ಒಳಗಿನ ದಾರಿ ಗಾಢ ಹಸಿರುಗಪ್ಪು, ನಡುವೆ ರಸ್ತೆಯ ಮೇಲೆ ಬಿಸಿಲಿನ ನಾಣ್ಯಗಳು. ಕ್ಲೋಡ್‌ನ ಮಬ್ಬುಗನ್ನಡಿ ಇಲ್ಲಿ ಕೆಲಸಕ್ಕೆ ಬಾರದು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಯೋಜನೆ ಬಂದಾಗ ಈ ಮರಗಳಿಗೆ ಕೊಡಲಿ ಬೀಳುವ ಸ್ಥಿತಿ ಬಂತು. ತಿಮ್ಮಕ್ಕ ಮುಖ್ಯಮಂತ್ರಿಯವರಲ್ಲಿ ಮನವಿ ಮಾಡಿದರು. ಮರಗಳನ್ನು ಉಳಿಸಿ ಬದಲಿ ದಾರಿ ಹುಡುಕಲು ಸರ್ಕಾರ ಒಪ್ಪಿತು.